ಕುರುಬರಹಳ್ಳಿಯ ಗಡಸು ನೀರು, ಮಲೆನಾಡಿನ ಮೆದು ನೀರು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರ, ಮಹಾಲಕ್ಷ್ಮಿಪುರ, ಬಸವೇಶ್ವರನಗರಗಳ ಮಗ್ಗುಲಲ್ಲಿ ಕುರುಬರಹಳ್ಳಿ ಎಂಬ ಬಡಾವಣೆಯಿದೆ. ಹೆಸರಿನಲ್ಲಿ ಹಳ್ಳಿ ಉಳಿದಿದೆ; ನೆಲದ ಮೇಲೆ ಹಳ್ಳಿಯ ಗುರುತು ಬಹುಮಟ್ಟಿಗೆ ಅಳಿಸಿಹೋಗಿದೆ. ನಗರದ ಈ ಭಾಗದ ಮನೆಗಳಲ್ಲಿ ನೀರಿಗೆ ಎರಡು ಹೆಸರುಗಳಿವೆ. ಒಂದು ‘ಕಾವೇರಿ ನೀರು’, ಇನ್ನೊಂದು ‘ಬೋರ್ ನೀರು’. ಮೊದಲನೆಯದು ಕುಡಿಯಲು, ಅಡುಗೆಗೆ; ಎರಡನೆಯದು ಮಿಕ್ಕ ಎಲ್ಲಕ್ಕೂ. ಮೊದಲನೆಯದು ಬಾರದ ದಿನ ಎರಡನೆಯದೇ ಎಲ್ಲಕ್ಕೂ. ಬಾಡಿಗೆಗೆ ಮನೆ ಹುಡುಕುವವರು ಬಾಡಿಗೆಯ ಮೊತ್ತವನ್ನು ಕೇಳಿದ ಮರುಕ್ಷಣವೇ ಕೇಳುವ ಪ್ರಶ್ನೆ, ‘ನೀರು ಯಾವುದು?’ ಎಂಬುದು.

ರಾಜಧಾನಿಯ ಒಂದು ಬಡಾವಣೆಯ ನಲ್ಲಿಯ ಸಂಗತಿ ಮಲೆನಾಡಿನ ಓದುಗರಿಗೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಎರಡು ಕಾರಣಗಳಿವೆ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಟ್ಟಸಾಲಿನಲ್ಲಿ ಬಿದ್ದ ಮಳೆಯೇ ಕಾವೇರಿ, ಹಾರಂಗಿ, ಹೇಮಾವತಿಗಳಾಗಿ ಹರಿದು ಆ ನಲ್ಲಿಯನ್ನು ತಲುಪುತ್ತದೆ. ಇದು ಮೊದಲನೆಯದು. ಆ ಬಡಾವಣೆಗಳಲ್ಲಿ ಬಾಡಿಗೆಗಿರುವವರಲ್ಲಿ ನಮ್ಮ ಊರುಗಳಿಂದ ಓದಲು, ದುಡಿಯಲು ಹೋದ ಮಕ್ಕಳೂ ಇದ್ದಾರೆ ಎಂಬುದು ಎರಡನೆಯದು. ಆದುದರಿಂದ ಕುರುಬರಹಳ್ಳಿಯ ನೀರಿನ ಪ್ರಶ್ನೆ ಅನ್ಯರ ಪ್ರಶ್ನೆಯಲ್ಲ.

ಗಡಸುತನವೆಂದರೇನು?

ಆಕಾಶದಿಂದ ಬೀಳುವ ನೀರಿನಲ್ಲಿ ಗಡಸುತನವಿಲ್ಲ. ಅದು ನೆಲದಲ್ಲಿ ಇಂಗುವಾಗ, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತೀರ ಸೌಮ್ಯವಾದ ಆಮ್ಲವಾಗುತ್ತದೆ. ಈ ಆಮ್ಲನೀರು ಬಂಡೆಯ ಸಂದುಗಳಲ್ಲಿ ನಿಧಾನವಾಗಿ ಇಳಿಯುತ್ತ ಅಲ್ಲಿಯ ಖನಿಜಗಳಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಇವೆರಡರ ಲವಣಗಳು ಹೆಚ್ಚಾಗಿರುವ ನೀರೇ ಗಡಸು ನೀರು. ಬೈಕಾರ್ಬೊನೇಟ್ ರೂಪದಲ್ಲಿದ್ದರೆ ಕುದಿಸಿದಾಗ ಅದು ಸುಣ್ಣದಂತೆ ತಳಕ್ಕೆ ಕೂರುತ್ತದೆ. ಇದನ್ನು ಶಾಲೆಯ ಪಠ್ಯಗಳು ತಾತ್ಕಾಲಿಕ ಗಡಸುತನವೆನ್ನುತ್ತವೆ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿದ್ದರೆ ಕುದಿಸಿದರೂ ಹೋಗದು; ಅದು ಶಾಶ್ವತ ಗಡಸುತನ.

ಮಲೆನಾಡಿನಲ್ಲಿ ಸಾವಿರಾರು ವರ್ಷಗಳ ಭಾರೀ ಮಳೆ ಮಣ್ಣಿನಲ್ಲಿದ್ದ ಸುಣ್ಣದಂಶವನ್ನು ಬಹುಪಾಲು ತೊಳೆದುಬಿಟ್ಟಿದೆ. ನೀರು ಕಾನಿನ ತರಗೆಲೆಯಡಿಯಲ್ಲಿ, ಜಂಬಿಟ್ಟಿಗೆಯ ರಂಧ್ರಗಳಲ್ಲಿ ಅಲ್ಪಕಾಲ ತಂಗಿ ಒರತೆಯಾಗಿ ಹೊರಬರುತ್ತದೆ. ದಬ್ಬೆಯಲ್ಲಿ ಅಂಗಳಕ್ಕೆ ಬರುತ್ತಿದ್ದ ಅಬ್ಬಿ ನೀರು ಮೆದುವಾಗಿರುವುದು ಇದೇ ಕಾರಣದಿಂದ. ಬೆಂಗಳೂರಿನ ನೆಲ ಬೇರೆ. ಅದರಡಿಯಲ್ಲಿರುವುದು ಪುರಾತನವಾದ ನೈಸ್ ಮತ್ತು ಗ್ರಾನೈಟ್ ಶಿಲೆ. ಅಲ್ಲಿ ನೀರು ನಿಲ್ಲುವುದು ಶಿಲೆಯ ಬಿರುಕುಗಳಲ್ಲಿ ಮಾತ್ರ. ಮೇಲಿನ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದಂತೆಲ್ಲ ನಾವು ಮೇಲೆತ್ತುವುದು ಬಂಡೆಯೊಡನೆ ದೀರ್ಘಕಾಲ ಕೂಡಿ ಬಾಳಿದ ನೀರನ್ನು. ಇದಕ್ಕೆ ನಗರದ್ದೇ ಆದ ಇನ್ನೊಂದು ಕೊಡುಗೆಯೂ ಇದೆ. ಒಡೆದ ಒಳಚರಂಡಿಯಿಂದ ನೆಲಕ್ಕಿಳಿದ ಕೊಳಚೆ ಕೊಳೆಯುತ್ತ ಇನ್ನಷ್ಟು ಇಂಗಾಲದ ಡೈ ಆಕ್ಸೈಡನ್ನು ಹುಟ್ಟಿಸುತ್ತದೆ, ಶಿಲೆಯನ್ನು ಇನ್ನಷ್ಟು ಕರಗಿಸುತ್ತದೆ. ಜೊತೆಗೆ ನೈಟ್ರೇಟನ್ನೂ ಬೆರೆಸುತ್ತದೆ. ಹೀಗೆ ನೀರಿನ ಗಡಸುತನವು ಅದು ನಡೆದುಬಂದ ದಾರಿಯ ದಾಖಲೆಯಾಗಿದೆ.

ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡವು ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನವನ್ನು ಒಪ್ಪಿಕೊಳ್ಳುತ್ತದೆ. ಬೇರೆ ಮೂಲವೇ ಇಲ್ಲವೆಂದಾದಲ್ಲಿ 600ರವರೆಗೆ ಸಹಿಸಬಹುದೆನ್ನುತ್ತದೆ. ಬೆಂಗಳೂರಿನ ಕೊಳವೆಬಾವಿಗಳ ನೀರು ಮೊದಲನೆಯ ಮಿತಿಯನ್ನು ದಾಟುವುದು ಸರ್ವೇಸಾಮಾನ್ಯ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗಡಸು ನೀರು ವಿಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯದ ದೃಷ್ಟಿಯಿಂದ ಗಡಸುತನಕ್ಕೆ ಮಿತಿಯನ್ನೇ ಗೊತ್ತುಮಾಡಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ದೇಹಕ್ಕೆ ಬೇಕಾದ ಖನಿಜಗಳೇ. ಭಯವನ್ನು ಬಿತ್ತಿ ಯಂತ್ರ ಮಾರುವವರ ಮಾತು ಬೇರೆ, ವಿಜ್ಞಾನದ ಮಾತು ಬೇರೆ. ಕೊಳಚೆಯಿಂದ ಬಂದ ನೈಟ್ರೇಟ್ ಮತ್ತು ರೋಗಾಣುಗಳ ವಿಷಯದಲ್ಲಿ ನಾವು ಭಯಪಡಬೇಕು. ನಾಲಿಗೆಗೆ ಗಡಸುತನ ತಿಳಿಯುತ್ತದೆ, ಅವು ತಿಳಿಯುವುದಿಲ್ಲ.

ಲೆಕ್ಕಕ್ಕೆ ಸಿಗದ ತೆರಿಗೆ

ವಿಷವಲ್ಲದಿದ್ದರೂ ಗಡಸು ನೀರು ಸಂಸಾರದ ಮೇಲೆ ಹೇರುವ ಹೊರೆ ಸಣ್ಣದಲ್ಲ. ಸಾಬೂನು ನೊರೆಯಾಗುವ ಬದಲು ಕ್ಯಾಲ್ಸಿಯಂ ಜೊತೆ ಸೇರಿ ಜಿಡ್ಡಿನ ಕಸವಾಗುತ್ತದೆ. ಒಗೆದ ಬಟ್ಟೆ ಬಿರುಸಾಗಿ ಬಣ್ಣಗೆಡುತ್ತದೆ, ತಲೆಗೂದಲು ಅಂಟುಗಟ್ಟುತ್ತದೆ. ನಮ್ಮ ಅಜ್ಜಿಯರ ಸೀಗೆ, ಅಂಟುವಾಳಗಳಿಗೆ ಈ ತೊಂದರೆ ಇರಲಿಲ್ಲ, ಏಕೆಂದರೆ ಅವುಗಳ ನೊರೆಯ ಸತ್ವವು ಕ್ಯಾಲ್ಸಿಯಂ ಜೊತೆ ಸೇರಿ ಕಸವಾಗುವುದಿಲ್ಲ. ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಕಾಳಿನ ಜೀವಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಎಂಬ ಅಂಟನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿಗೊಳಿಸುವುದೇ ಇದಕ್ಕೆ ಕಾರಣ. ಬೇಗ ಬೇಯಲೆಂದು ಹಾಕುವ ಚಿಟಿಕೆ ಸೋಡಾ ಬೇಳೆಯಲ್ಲಿನ ಬಿ ಜೀವಸತ್ವವನ್ನು ನಾಶಮಾಡುತ್ತದೆ. ಗೀಸರಿನ ಸುರುಳಿಗೆ ಸುಣ್ಣದ ಹೊಟ್ಟು ಕಟ್ಟಿ, ಅಷ್ಟೇ ನೀರು ಕಾಯಲು ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. ಕೊನೆಗೆ ಸುರುಳಿಯೇ ಸುಟ್ಟುಹೋಗುತ್ತದೆ.

ಸಾಬೂನು, ಅನಿಲ, ವಿದ್ಯುತ್ತು, ರಿಪೇರಿ, ಉಜ್ಜುವ ತೋಳಿನ ಶ್ರಮ ಇವೆಲ್ಲ ಕೂಡಿದರೆ ಅದೊಂದು ತೆರಿಗೆ. ಈ ತೆರಿಗೆಯನ್ನು ಹೆಚ್ಚಾಗಿ ತೆರುವವರು ಹೆಂಗಸರು ಮತ್ತು ಬಾಡಿಗೆದಾರರು. ಮನೆಯ ಮಾಲೀಕರು ಮಾಳಿಗೆಯ ಮೇಲೆ ನೀರು ಮೆದುಗೊಳಿಸುವ ಯಂತ್ರವನ್ನು ಇಟ್ಟುಕೊಳ್ಳಬಲ್ಲರು. ಒಂದು ಕೋಣೆಯ ಮನೆಯಲ್ಲಿರುವ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ಆ ಆಯ್ಕೆ ಇಲ್ಲ. ಅವಳು ಕುಡಿಯುವ ನೀರನ್ನು ಕ್ಯಾನಿನಲ್ಲಿ ಕೊಂಡು, ಮಿಕ್ಕ ಕೆಲಸಕ್ಕೆ ಬೋರ್ ನೀರನ್ನೇ ನೆಚ್ಚಬೇಕು. ಒಂದೇ ಕಟ್ಟಡದಲ್ಲಿ ನೀರು ಹೀಗೆ ವರ್ಗಭೇದವನ್ನು ಮಾಡುತ್ತದೆ.

ಯಂತ್ರ ತೆಗೆದುಹಾಕಿದ್ದು ಎಲ್ಲಿಗೆ ಹೋಗುತ್ತದೆ?

ಮಾರುಕಟ್ಟೆ ಎರಡು ಪರಿಹಾರಗಳನ್ನು ಮುಂದಿಡುತ್ತದೆ. ಮೊದಲನೆಯದು ನೀರು ಮೆದುಗೊಳಿಸುವ ಯಂತ್ರ. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಲೀಟರಿಗೆ 400 ಮಿಲಿಗ್ರಾಂ ಗಡಸುತನವನ್ನು ಪೂರ್ತಿ ತೆಗೆದರೆ ಸುಮಾರು 184 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. ರಕ್ತದೊತ್ತಡದ ಕಾರಣ ಉಪ್ಪು ಕಡಿಮೆ ಮಾಡಿದವರು ಇಂಥ ನೀರನ್ನು ಕುಡಿಯಲು ಬಳಸಬಾರದು. ಮಣಿಗಳು ದಣಿದಾಗ ಅವನ್ನು ಉಪ್ಪುನೀರಿನಿಂದ ತೊಳೆಯಬೇಕು. ತೊಳೆದ ಕಡುಉಪ್ಪಿನ ನೀರು ಚರಂಡಿಗೆ. ಎರಡನೆಯದು ಆರ್.ಓ. ಯಂತ್ರ. ಸಾಮಾನ್ಯವಾದ ಮನೆಯ ಯಂತ್ರ ಒಂದು ಲೀಟರ್ ನೀರು ಕೊಡಲು ಎರಡು ಮೂರು ಲೀಟರ್ ಚೆಲ್ಲುತ್ತದೆ. ಕಾವೇರಿ ನೀರು ಬರುವ ಮನೆಗಳಲ್ಲಿಯೂ ಈ ಯಂತ್ರ ಗೋಡೆಗೆ ತೂಗುತ್ತಿರುವುದು ವಿಪರ್ಯಾಸ. ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವಲ್ಲಿ ಇಂಥ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಹೇಳಿತ್ತು.

ಕುರುಬರಹಳ್ಳಿಯ ಚರಂಡಿಯನ್ನು ಹಿಂಬಾಲಿಸಿ ನಡೆದರೆ ವೃಷಭಾವತಿ ಸಿಗುತ್ತದೆ. ಒಂದು ಕಾಲಕ್ಕೆ ತಿಳಿನೀರಿನ ಹೊಳೆಯಾಗಿದ್ದ ಅದು ಇಂದು ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಾಲಯದ ಬಳಿ, ಕೆಂಗೇರಿಯ ಬಳಿ ಕೊಳಚೆಯಾಗಿ ಹರಿಯುತ್ತ, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಸೇರುತ್ತದೆ. ಅಲ್ಲಿಯ ರೈತರು ಅದೇ ನೀರಿನಲ್ಲಿ ಬೆಳೆ ತೆಗೆದವರು. ಸೋಡಿಯಂ ಹೆಚ್ಚಾದ ನೀರು ಮಣ್ಣಿನ ಕಣಗಳನ್ನು ಚದುರಿಸಿ, ನೆಲವನ್ನು ನೀರಿಂಗದ ಗಾರೆಯನ್ನಾಗಿ ಮಾಡುತ್ತದೆಂದು ಯಾವ ಕೃಷಿ ವಿದ್ಯಾರ್ಥಿಯಾದರೂ ಹೇಳಬಲ್ಲ. ಮುಂದೆ ಆ ನೀರು ಅರ್ಕಾವತಿಗೆ, ಅರ್ಕಾವತಿ ಮೇಕೆದಾಟಿನ ಮೇಲಿನ ಸಂಗಮದಲ್ಲಿ ಕಾವೇರಿಗೆ. ಬೆಟ್ಟದಿಂದ ಮೆದುವಾಗಿ ಹೊರಟ ನೀರನ್ನು ಪೈಪಿನಲ್ಲಿ ಮೇಲಕ್ಕೆತ್ತಿ ತಂದ ನಗರವು, ಅದನ್ನು ಉಪ್ಪು, ಕೊಳಚೆಗಳೊಡನೆ ಅದೇ ನದಿಗೆ ಮರಳಿಸುತ್ತಿದೆ. ಯಂತ್ರಗಳು ಗಡಸುತನವನ್ನು ಪರಿಹರಿಸುವುದಿಲ್ಲ, ಕೆಳಗಿನ ಊರಿಗೆ ಸಾಗಹಾಕುತ್ತವೆ.

ಹತ್ತಿರದ ನೀರು ಕಳೆದುಹೋದ ಬಗೆ

ಬೆಂಗಳೂರು ಹುಟ್ಟಿನಿಂದಲೇ ಹೀಗೆ ದೂರದ ನೀರಿನ ಊರಾಗಿರಲಿಲ್ಲ. ಅದು ಕೆರೆಗಳ ಊರು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಬಂತು. ಎರಡೂ ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ನೀರೇ. ಆ ನದಿಯ ಜಲಾನಯನ ಪ್ರದೇಶವನ್ನು ಬಡಾವಣೆ, ನೀಲಗಿರಿ ತೋಪು, ಕೊಳವೆಬಾವಿಗಳು ನುಂಗಿದವು. ಹೆಸರಘಟ್ಟ ಬತ್ತಿತು, ತಿಪ್ಪಗೊಂಡನಹಳ್ಳಿಯಿಂದ ಬರುತ್ತಿದ್ದ ನೀರು 2012ರ ಹೊತ್ತಿಗೆ ನಿಂತಿತು. ಅಷ್ಟರೊಳಗೆ, 1974ರಲ್ಲಿ, ಕಾವೇರಿಯ ಮೊದಲ ಹಂತ ಬಂದಿತ್ತು. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ನೀರನ್ನು ತರುವ ಸಾಮರ್ಥ್ಯ ಸೇರಿತು. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಈ ನೀರನ್ನು ಏರಿಸಬೇಕು.

ಕುರುಬರಹಳ್ಳಿಗೂ ಒಂದು ಕೆರೆಯಿತ್ತು. ಬೆಂಗಳೂರಿನ ಕಾಣೆಯಾದ ಕೆರೆಗಳ ಪಟ್ಟಿಯಲ್ಲಿ ಕುರುಬರಹಳ್ಳಿ ಕೆರೆಯ ಹೆಸರಿನ ಎದುರು ಬಸವೇಶ್ವರನಗರವೆಂದೂ, ಕೇತಮಾರನಹಳ್ಳಿ ಕೆರೆಯ ಎದುರು ರಾಜಾಜಿನಗರವೆಂದೂ ಬರೆದಿದೆ. ಕೆರೆ ಹೋದಾಗ ಅದರಡಿಯ ಬಾವಿಗಳ ಮೆದುನೀರೂ ಹೋಯಿತು. ಬಾವಿ ಹೋದಾಗ ಕೊಳವೆಬಾವಿ ಬಂತು. ಕೊಳವೆಬಾವಿಯೊಡನೆ ಗಡಸುತನ ಬಂತು. ಇಂದು ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆ ಅಂತರ್ಜಲದ ಅತಿಬಳಕೆಯ ಜಿಲ್ಲೆ. 2024ರ ಮಾರ್ಚ್ ತಿಂಗಳಿನಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು.

ಹಾಗಾದರೆ ಅಲ್ಲಿ ಮಳೆಯಿಲ್ಲವೇ? 2017ರಲ್ಲಿ ಬೆಂಗಳೂರಿನಲ್ಲಿ 1,600 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯಿತು. ಆ ವರ್ಷದ ಅಕ್ಟೋಬರಿನ ಒಂದು ಸಂಜೆ ಇದೇ ಕುರುಬರಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ, ಗೋಡೆ ಕುಸಿದು, ಜನರು ಪ್ರಾಣ ಕಳೆದುಕೊಂಡರು. ಗಡಸುತನದ ಲೇಶವೂ ಇಲ್ಲದ ನೀರು ಬೀದಿಯಲ್ಲಿ ಮನುಷ್ಯರನ್ನು ಕೊಚ್ಚಿಕೊಂಡು ಹೋಗುತ್ತಿರುವಾಗ, ಅದೇ ಬೀದಿಯ ಅಡಿಯಲ್ಲಿ ಸಾವಿರ ಅಡಿ ಕೊರೆದು ಸುಣ್ಣದ ನೀರನ್ನು ಎತ್ತಲಾಗುತ್ತಿತ್ತು. ನಮ್ಮ ಕಾಲದ ಜಲನೀತಿಯನ್ನು ಅಳೆಯಲು ಬೇರೆ ಮಾನದಂಡ ಬೇಕಿಲ್ಲ. ನೀರಿನ ಕೊರತೆಯೂ ನೆರೆಯೂ ಗಡಸುತನವೂ ಒಂದೇ ತಪ್ಪಿನ ಮೂರು ಮುಖಗಳು: ಬಿದ್ದ ನೀರಿಗೆ ನಿಲ್ಲಲು ಜಾಗವನ್ನೇ ಉಳಿಸಲಿಲ್ಲ.

ಮಾಳಿಗೆಯ ಮೇಲಿನ ಮೆದುನೀರು

ಬೇರೆ ದಾರಿ ಇದೆಯೆಂಬುದಕ್ಕೆ ದೂರ ಹೋಗಬೇಕಿಲ್ಲ. ಕುರುಬರಹಳ್ಳಿಗೆ ಅನತಿ ದೂರದ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು 1995ರಲ್ಲಿ ಕಟ್ಟಿದ ‘ಸೌರಭ’ ಎಂಬ ಮನೆ ಮಳೆನೀರನ್ನೇ ನೆಚ್ಚಿ ನಡೆದುಬಂದಿದೆ. ಅವರು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದುಕೊಂಡು ಮಳೆಕೊಯ್ಲನ್ನು ನಾಡಿನಾದ್ಯಂತ ಪ್ರಚಾರ ಮಾಡಿದವರು.

ಲೆಕ್ಕ ಸರಳ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಸಾವಿರ ಚದರಡಿಯ, ಅಂದರೆ ಸುಮಾರು 93 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 90 ಸಾವಿರ ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 72 ಸಾವಿರ ಲೀಟರ್ ಉಳಿಯುತ್ತದೆ. ದಿನಕ್ಕೆ ಸುಮಾರು 200 ಲೀಟರ್. ಒಂದು ಸಂಸಾರದ ಅಡುಗೆ, ಕುಡಿಯುವ ನೀರು, ಬಟ್ಟೆ ಒಗೆತಕ್ಕೆ ಇದು ಸಾಲುತ್ತದೆ. ಬೇಸಿಗೆಯ ಮಳೆಯಿಂದ ಹಿಂಗಾರಿನವರೆಗೆ ಬೆಂಗಳೂರಿನ ಮಳೆ ಹಲವು ತಿಂಗಳುಗಳ ಮೇಲೆ ಹರಡಿರುವುದರಿಂದ, ಸಂಪು ಚಿಕ್ಕದಿದ್ದರೂ ಮತ್ತೆ ಮತ್ತೆ ತುಂಬುತ್ತದೆ. ಮಳೆನೀರನ್ನು ಬೋರ್ ನೀರಿನೊಡನೆ ಬೆರೆಸಿದರೂ ಗಡಸುತನ ಅಷ್ಟರ ಮಟ್ಟಿಗೆ ತಗ್ಗುತ್ತದೆ. ಮೊದಲ ಮಳೆಯ ಕೊಳೆ ಹರಿದುಹೋಗಲು ಬಿಟ್ಟು, ಶೋಧಿಸಿ, ಕುಡಿಯುವುದನ್ನು ಕುದಿಸಿದರೆ ಸಾಕು.

2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು ಮಳೆಕೊಯ್ಲನ್ನು ಕಡ್ಡಾಯಗೊಳಿಸಿದ್ದು ಶ್ಲಾಘನೀಯವೇ. ಆದರೆ ಅದು ಅನ್ವಯಿಸಿದ್ದು 2,400 ಚದರಡಿ ಹಾಗೂ ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳಿಗೆ, 1,200 ಚದರಡಿ ಹಾಗೂ ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೆ. ಬಡವರು, ಕೆಳಮಧ್ಯಮ ವರ್ಗದವರು ಇರುವ 20×30 ಅಡಿಯ ನಿವೇಶನಗಳ ಗಲ್ಲಿಗಳನ್ನು ಈ ಕಾನೂನು ಮುಟ್ಟಲಿಲ್ಲ. ಗಡಸು ನೀರಿನ ಹೊರೆ ಎಲ್ಲಿ ಹೆಚ್ಚೋ ಅಲ್ಲಿಯೇ ಮೆದುನೀರಿನ ಕಾನೂನು ನಿಂತುಹೋಯಿತು. ಅಂಥ ಗಲ್ಲಿಗಳಿಗೆ ಒಂಟಿ ಮನೆಯ ಸಂಪು ಪರಿಹಾರವಾಗಲಾರದು. ಹತ್ತಿಪ್ಪತ್ತು ಮನೆಗಳ ಮಾಳಿಗೆಯ ನೀರು ಕೂಡಿ ಸೇರುವ ತೊಟ್ಟಿಯನ್ನು, ಉದ್ಯಾನವನಗಳಲ್ಲಿ ಇಂಗುಬಾವಿಗಳನ್ನು ಸರ್ಕಾರದ ಹಣದಿಂದಲೇ ಕಟ್ಟಬೇಕು. ಇಂಗುಬಾವಿಗೆ ಮಾಳಿಗೆಯ ನೀರನ್ನು ಮಾತ್ರ ಬಿಡಬೇಕು. ಚರಂಡಿಯ ನೀರು ಸೇರಿದರೆ ಕೊಳಚೆಯನ್ನು ನಾವೇ ಅಂತರ್ಜಲಕ್ಕೆ ಸುರಿದಂತೆ.

ಮತ್ತೊಂದು ನದಿ ಬೇಕೇ?

ಇದನ್ನೆಲ್ಲ ಮಾಡುವ ಮೊದಲೇ ರಾಜಧಾನಿಯ ಕಣ್ಣು ಮತ್ತೆ ಮತ್ತೆ ಪಶ್ಚಿಮಕ್ಕೆ ಹೊರಳುತ್ತದೆ. ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ, ಅದೇ ವರ್ಷ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು, ಸಾಹಿತಿ ನಾ. ಡಿಸೋಜ ಅವರಂಥ ಹಿರಿಯರು ಹೋರಾಟದ ಮುಂಚೂಣಿಯಲ್ಲಿ ನಿಂತರು. ಪ್ರಸ್ತಾಪ ಆಗ ಹಿಂದೆ ಸರಿಯಿತಾದರೂ ಆ ಮಾತು ಪೂರ್ತಿ ಅಡಗಿಲ್ಲ. 1964ರಲ್ಲಿ ಮುಗಿದ ಆ ಅಣೆಕಟ್ಟಿಗೆ ಮನೆ, ಗದ್ದೆಗಳನ್ನು ಬಿಟ್ಟುಕೊಟ್ಟ ಕುಟುಂಬಗಳ ಭೂಮಿಯ ಹಕ್ಕು ಇನ್ನೂ ಇತ್ಯರ್ಥವಾಗಿಲ್ಲ. ಎತ್ತಿನಹೊಳೆಯಲ್ಲಿ ಬೆಟ್ಟ ಬಗೆದು ಪೈಪು ಹೂಳಿದ್ದನ್ನು ನಾವು ಕಂಡೆವು. ಅದರ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು.

ಕುಡಿಯುವ ನೀರು ಕೊಡಬೇಡಿ ಎನ್ನುವಷ್ಟು ಮಲೆನಾಡಿಗರು ಕಲ್ಲೆದೆಯವರಲ್ಲ. ಕುರುಬರಹಳ್ಳಿಯ ಗಲ್ಲಿಯಲ್ಲಿ ಬಿಂದಿಗೆ ಹಿಡಿದು ನಿಂತವರ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಪ್ರಶ್ನೆ ಯೋಜನೆ ಮಾಡುವವರಿಗೆ. ಅರ್ಕಾವತಿಯನ್ನು ಬತ್ತಿಸಿ, ವೃಷಭಾವತಿಯನ್ನು ಕೊಳಚೆಯಾಗಿಸಿ, ಕೆರೆಗಳನ್ನು ನಿವೇಶನಗಳಾಗಿಸಿ, ಮಳೆಯನ್ನು ಚರಂಡಿಗೆ ಬಿಟ್ಟವರಿಗೆ ಮತ್ತೊಂದು ನದಿಯನ್ನು ಒಪ್ಪಿಸಿದರೆ ಅದೂ ಅದೇ ದಾರಿ ಹಿಡಿಯುವುದಿಲ್ಲವೆಂಬುದಕ್ಕೆ ಖಾತರಿ ಏನು?

ನಮ್ಮ ಹೊಸಿಲಿನ ಒಳಗೆ

ಬೆರಳು ತೋರುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಅಡಿಕೆ ತೋಟಕ್ಕಾಗಿ ನಮ್ಮ ಊರುಗಳಲ್ಲಿಯೂ ಕೊಳವೆಬಾವಿ ಕೊರೆಯುವ ಲಾರಿಗಳು ಬೇಸಿಗೆಯಿಡೀ ಸದ್ದು ಮಾಡುತ್ತಿವೆ. ಕಾನು ಬರಿದಾಗಿ, ಸೊಪ್ಪಿನ ಬೆಟ್ಟ ಬೋಳಾಗಿ, ಅಬ್ಬಿಗಳು ಮಾರ್ಚಿಗೇ ಸೊರಗುತ್ತಿವೆ. ಆಗುಂಬೆಯಂಥಲ್ಲಿ ವರ್ಷಕ್ಕೆ 7 ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಸೀಮೆ ನಮ್ಮದು. ಆದರೂ ಮಲೆನಾಡಿನ ತಾಲ್ಲೂಕುಗಳಲ್ಲಿ ಬೇಸಿಗೆಗೆ ಟ್ಯಾಂಕರ್ ಓಡಾಡುತ್ತದೆ. ಒರತೆಯನ್ನು ಬಿಟ್ಟು ಬಂಡೆಯ ನೀರಿಗೆ ಕೈಚಾಚಿದ ದಿನ ನಮ್ಮ ಹಂಡೆಯ ತಳದಲ್ಲಿಯೂ ಬಿಳಿಯ ಹೊಟ್ಟು ಕಟ್ಟತೊಡಗುತ್ತದೆ, ಕೆಲವೆಡೆ ಕಬ್ಬಿಣದ ಕೆಂಪು ಕಲೆ ಹಿಡಿಯುತ್ತದೆ. ಕುರುಬರಹಳ್ಳಿ ನಮಗಿಂತ ಐವತ್ತು ವರ್ಷ ಮುಂದೆ ನಡೆದಿದೆ, ಅಷ್ಟೆ. ಆ ದಾರಿಯಲ್ಲಿ ನಾವು ಹೆಜ್ಜೆಯಿಡಬೇಕೇ ಎಂಬುದನ್ನು ಈಗಲೇ ತೀರ್ಮಾನಿಸಬೇಕು.

ವಿದ್ಯಾರ್ಥಿಗಳು ಒಂದು ಕೆಲಸವನ್ನು ಈ ಬೇಸಿಗೆಯಲ್ಲಿಯೇ ಮಾಡಬಹುದು. ಊರಿನ ಅಬ್ಬಿ, ತೆರೆದ ಬಾವಿ, ಕೊಳವೆಬಾವಿ ಮತ್ತು ಹಿಡಿದಿಟ್ಟ ಮಳೆನೀರನ್ನು ಒಂದೇ ಅಳತೆಯ ಬಾಟಲಿಗಳಲ್ಲಿ ಅರ್ಧ ತುಂಬಿ, ಸಾಬೂನನ್ನು ಕರಗಿಸಿದ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಬೇಕು. ನೊರೆ ನಿಲ್ಲಲು ಎಷ್ಟು ಹನಿ ಬೇಕಾಯಿತೆಂದು ಎಣಿಸಬೇಕು. ಬಟ್ಟೆಯ ಪುಡಿ ಬೇಡ, ಸಾಬೂನೇ ಆಗಬೇಕು. ಹನಿ ಹೆಚ್ಚಾದಷ್ಟೂ ನೀರು ಗಡಸು. ಕಾಲೇಜಿನ ಪ್ರಯೋಗಾಲಯವಿದ್ದರೆ ಇ.ಡಿ.ಟಿ.ಎ. ದ್ರಾವಣದಿಂದ ನಿಖರವಾದ ಸಂಖ್ಯೆಯನ್ನೇ ಪಡೆಯಬಹುದು. ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ವರ್ಷ ವರ್ಷ ದಾಖಲಿಸಿಡಿ. ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮಕ್ಕಳು ತಾವಿರುವ ಬಡಾವಣೆಯಲ್ಲಿಯೂ ಇದನ್ನು ಮಾಡಲಿ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಇಷ್ಟು. ನಗರದ ಪ್ರತಿ ವಾರ್ಡಿನ ಕೊಳವೆಬಾವಿಗಳ ಗಡಸುತನ ಮತ್ತು ನೈಟ್ರೇಟ್ ಪ್ರಮಾಣವನ್ನು ಕನ್ನಡದಲ್ಲಿ, ಜನರಿಗೆ ಕಾಣುವಂತೆ ಪ್ರಕಟಿಸಬೇಕು. ಚಿಕ್ಕ ನಿವೇಶನಗಳ ಗಲ್ಲಿಗಳಿಗೆ ಸಾಮೂಹಿಕ ಮಳೆಕೊಯ್ಲನ್ನು ಕಟ್ಟಿಕೊಡಬೇಕು. ವೃಷಭಾವತಿಗೆ ಹರಿಯುವ ಕೊಳಚೆಯನ್ನು ಪೂರ್ತಿಯಾಗಿ ಶುದ್ಧೀಕರಿಸಬೇಕು. ಇವು ಮುಗಿದು, ಲೆಕ್ಕ ಜನರ ಮುಂದೆ ಬರುವವರೆಗೆ ಪಶ್ಚಿಮಘಟ್ಟದ ಯಾವ ಹೊಳೆಯನ್ನೂ ರಾಜಧಾನಿಯತ್ತ ತಿರುಗಿಸುವ ಮಾತೆತ್ತಬಾರದು. ಕುರುಬರಹಳ್ಳಿಯ ಬಾಡಿಗೆ ಮನೆಯಲ್ಲಿರುವವರಿಗೂ ಮೆದುನೀರಿನ ಹಕ್ಕಿದೆ. ಅದನ್ನು ಅವರ ತಲೆಯ ಮೇಲಿನ ಮಾಳಿಗೆಯಿಂದಲೇ ಕೊಡಲು ಸಾಧ್ಯವಿರುವಾಗ ನಾನೂರು ಕಿಲೋಮೀಟರ್ ದೂರದ ಕಾಡನ್ನು ಕಡಿಯುವುದು ಅವರಿಗೂ ಅನ್ಯಾಯ, ನಮಗೂ ಅನ್ಯಾಯ.